ಒಣಹಾಳೆ

ಹೊನ್ನೂರಸ್ವಾಮಿ ನಮಗೆ ಮೋಸ ಮಾಡಿದ್ದಾನೆ ಎಂದು ನಾನು ಬರೆದ ಸಾಲು ಮೂರು ಎಣಿಸುವಷ್ಟರಲ್ಲಿ ಒಣಗಿತು. ಹೆಬ್ಬೆರಳಿನಿಂದ ಉಜ್ಜಿದೆ. ಬೆರಳಿಗೆ ಏನೂ ಹತ್ತಲಿಲ್ಲ. ನಮ್ಮೂರಿನಲ್ಲಿ ಇದಕ್ಕಿಂತ ದೊಡ್ಡ ಸಾಕ್ಷಿಯನ್ನು ಯಾರೂ ಕೇಳುವುದಿಲ್ಲ. ನಾನೂ ಕೇಳಲಿಲ್ಲ.

ನಮ್ಮೂರಿನಲ್ಲಿ ಪೆನ್ನಿನಿಂದ ಬರೆದ ಸುಳ್ಳು ಒಣಗುವುದಿಲ್ಲ. ವರ್ಷ ಕಳೆದರೂ ಹಸಿಯಾಗಿಯೇ ಇರುತ್ತದೆ, ಮುಟ್ಟಿದರೆ ಬೆರಳಿಗೆ ಹತ್ತುತ್ತದೆ. ಇದಕ್ಕೆ ನಾವು ಹೊಂದಿಕೊಂಡಿದ್ದೇವೆ. ಮದುವೆ ದಲ್ಲಾಳಿಗಳು ಗಂಡಿನ ವಿವರವನ್ನು ಪೆನ್ಸಿಲ್ಲಿನಲ್ಲಿ ಬರೆಯುತ್ತಾರೆ. ಜ್ವರ ಬಂದಿದೆ ಎಂಬ ರಜಾಚೀಟಿಯನ್ನು ಮಕ್ಕಳು ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡು ತರುತ್ತಾರೆ. ಕಚೇರಿಯ ಗುಮಾಸ್ತರನ್ನು ಅಂಗಿಯ ಬಲತೋಳಿನ ನೀಲಿ ಕಲೆಯಿಂದ ಗುರುತಿಸಬಹುದು. ಎಷ್ಟು ವರ್ಷ ಸರ್ವಿಸ್ ಆಗಿದೆ ಎಂಬುದನ್ನೂ ಅದೇ ಹೇಳುತ್ತದೆ. ಅಚ್ಚಿನ ಮಸಿಗೆ ಈ ರೋಗವಿಲ್ಲ, ಏನು ಹಾಕಿದರೂ ಒಣಗುತ್ತದೆ. ಆದ್ದರಿಂದ ನಮ್ಮ ಜನ ಪತ್ರಿಕೆಯನ್ನು ಬೋಂಡ ಕಟ್ಟುವುದಕ್ಕೆ ಬಳಸುತ್ತಾರೆ. ಮೊಬೈಲಿನಲ್ಲಿ ಟೈಪು ಮಾಡಿದ್ದನ್ನೂ ಯಾರೂ ನಂಬುವುದಿಲ್ಲ. ಶಾಲೆಯಲ್ಲಿ ಮಕ್ಕಳು ಮಾಡಿದ ತಪ್ಪು ಲೆಕ್ಕ ಮಾತ್ರ ಚೆನ್ನಾಗಿ ಒಣಗುತ್ತದೆ. ಮೇಷ್ಟ್ರುಗಳು ಅದರ ಮೇಲೆ ಕೆಂಪು ಗೆರೆ ಎಳೆದು ಸುಮ್ಮನಾಗುತ್ತಾರೆ. ಅದರ ಬಗ್ಗೆ ಹೆಚ್ಚು ಯೋಚಿಸಿದವರು ಯಾರೂ ಇಲ್ಲ.

ಸರ್ಕಾರವೂ ಹೊಂದಿಕೊಂಡಿದೆ. ಪ್ರಕಟಣಾ ಇಲಾಖೆಯ ಸೂಚನೆಗಳೆಲ್ಲ ಗಾಜಿನ ಹಿಂದೆ ಇರುತ್ತವೆ. ಪಕ್ಕದಲ್ಲಿ ‘ಸರ್ಕಾರಿ ಕಾಗದ ಮುಟ್ಟುವುದು ಅಪರಾಧ’ ಎಂಬ ಬೋರ್ಡು, ಬೋರ್ಡಿನ ಕೆಳಗೆ ಒಬ್ಬ ಪೊಲೀಸ್. ಮಳೆಗಾಲದಲ್ಲಿ ಗಾಜಿನ ಒಳಗಡೆ ನೀಲಿ ಹನಿ ಇಳಿಯುವುದನ್ನು ಎಲ್ಲರೂ ನೋಡಿದ್ದೇವೆ. ನೋಡುವುದು ಅಪರಾಧವಲ್ಲ. ಶಾಯಿ ಕೊಳ್ಳುವುದಕ್ಕೆ ಪರವಾನಗಿ ಬೇಕು. ವಿದ್ಯಾರ್ಥಿಗಳಿಗೆ ಹಾಸ್ಟೆಲಿನ ಲೈಬ್ರರಿಯಲ್ಲಿ ಬರೆಯುವುದಕ್ಕೆ ಕೊಡುತ್ತಾರೆ, ಬಾಟಲಿ ಟೇಬಲ್ ಬಿಟ್ಟು ಕದಲುವಂತಿಲ್ಲ, ಪೆನ್ನಿನೊಳಗೆ ಹಿಡಿದಷ್ಟನ್ನು ಮಾತ್ರ ಹೊರಗೆ ಒಯ್ಯಬಹುದು.

ನಾನು ತಿಪ್ಪೇಶಿ. ಬಿ.ಎ. ಮುಗಿಸಿ ಇನ್ನೊಂದು ಬಿ.ಎ.ಗೆ ಸೇರಿದ್ದೆ, ಹಾಸ್ಟೆಲ್ ಬಿಟ್ಟರೆ ಹೋಗುವ ಜಾಗ ಇರಲಿಲ್ಲ. ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುವ ಮುಬೀನಾ ಮತ್ತು ಕರೆಂಟ್ ಕಂಪನಿಯ ಮೀಟರ್ ರೀಡರ್ ಹೊನ್ನೂರಸ್ವಾಮಿ ನನ್ನ ಜೊತೆಗಿದ್ದವರು. ಮೂವರೂ ಸೇರಿ ಮೂರು ವರ್ಷ ‘ಒಣಹಾಳೆ’ ಎಂಬ ಬ್ಲಾಗ್ ನಡೆಸಿದೆವು. ಊರಿನೊಳಗೆ ಓಡಾಡಿ ಸುದ್ದಿ ತರುವವನು ಹೊನ್ನೂರ, ಬರೆಯುವವನು ನಾನು. ಬರೆದ ಹಾಳೆಯ ಮೇಲೆ ನಾನು ಹೆಬ್ಬೆರಳು ಎಳೆದು, ಶುದ್ಧವಾದ ಬೆರಳನ್ನು ಎತ್ತಿ ತೋರಿಸುವುದನ್ನು ಮುಬೀನಾ ವಿಡಿಯೋ ಮಾಡಿ ಹಾಕುತ್ತಿದ್ದಳು. ಜನ ಮೊದಲು ಬೆರಳು ನೋಡುತ್ತಿದ್ದರು, ಆಮೇಲೆ ಓದುತ್ತಿದ್ದರು. ಇಲಾಖೆ ಬ್ಲಾಕ್ ಮಾಡಿದಾಗಲೆಲ್ಲ ಹೆಸರಿನ ಮುಂದಿನ ಅಂಕಿ ಒಂದು ಏರುತ್ತಿತ್ತು. ಮಾರೆಪ್ಪನ ವಿಷಯ ಬರುವ ಹೊತ್ತಿಗೆ ನಾವು ಒಣಹಾಳೆ ಹದಿನಾಲ್ಕಕ್ಕೆ ಬಂದಿದ್ದೆವು.

ಕೆಂಚಮ್ಮ ಮೆಡಿಕಲ್ ಶಾಪಿಗೆ ಬಂದದ್ದು ಹನ್ನೆರಡನೇ ತಾರೀಖು, ಮಧ್ಯಾಹ್ನ. ಔಷಧಿ ಕೇಳಲಿಲ್ಲ. ಕೌಂಟರಿನ ಮೇಲೆ ಎರಡೂ ಕೈ ಊರಿ ನಿಂತು, “ಬೆರಳು ತೋರ್ಸೋ ಹುಡುಗ ಯಾರು?” ಎಂದಳು. ಅವಳ ಗಂಡ ಮಾರೆಪ್ಪ ಪಂಪ್‌ಹೌಸಿನ ದೊಡ್ಡ ತೊಟ್ಟಿ ತೊಳೆಯುವವನು. ಆ ತೊಟ್ಟಿಯಿಂದಲೇ ಊರಿಗೆಲ್ಲ ಕುಡಿಯುವ ನೀರು. ಹತ್ತನೇ ತಾರೀಖು ಮಂಗಳವಾರ ಬೆಳಿಗ್ಗೆ ಅವನು ಅದರೊಳಗೆ ಇಳಿದ. ಇಬ್ಬರು ಇಳಿಯಬೇಕಾದ ಕೆಲಸಕ್ಕೆ ಕಂಟ್ರಾಕ್ಟರ್ ಒಬ್ಬನನ್ನೇ ಕಳಿಸಿದ್ದ. ಅದೇ ದಿನ ಹನ್ನೊಂದೂವರೆಗೆ ಸರ್ಕಲ್ಲಿನಲ್ಲಿ ಹೊಸ ಕಾರಂಜಿಯ ಉದ್ಘಾಟನೆ. ನೀರು ಮೂವತ್ತಡಿ ಹಾರಿತು. ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ. ಮಾರೆಪ್ಪ ಮನೆಗೆ ಬರಲಿಲ್ಲ. ಕೆಂಚಮ್ಮ ಹೋಗಿ ಕೇಳಿದಾಗ ತೊಟ್ಟಿ ತುಂಬಿತ್ತು, ಗೇಟಿಗೆ ಬೀಗ ಬಿದ್ದಿತ್ತು. ಮರುದಿನ ಗಾಜಿನ ಹಿಂದೆ ಸೂಚನೆ ಬಂತು: ನೌಕರ ಮಾರೆಪ್ಪ ಕೆಲಸ ಬಿಟ್ಟು ಓಡಿಹೋಗಿದ್ದಾನೆ, ಮಧ್ಯಾಹ್ನ ಮೂರರವರೆಗೆ ಪಂಪ್ ನಿಂತಿತ್ತು, ಓಡಿಹೋದವನ ಕುಟುಂಬ ಇಪ್ಪತ್ತನೇ ತಾರೀಖಿನೊಳಗೆ ಕ್ವಾರ್ಟರ್ಸ್ ಖಾಲಿ ಮಾಡಬೇಕು.

“ಓಡಿ ಹೋಗೋನು ತೊಟ್ಟಿಗ್ಯಾಕೆ ಇಳೀತಾನಪ್ಪ?” ಎಂದಳು ಕೆಂಚಮ್ಮ. “ಹಸಿರಂಗಿ ಬಿಚ್ಚಿ ಪಂಪ್‌ಹೌಸಿನ ಮೊಳೆಗೆ ನೇತಾಕಿ, ಸೊಂಟಕ್ಕೆ ಕಬ್ಬಿಣದ ಸಲಿಕೆ ಕಟ್ಕಂಡು ಇಳಿಯೋದು. ಇಳಿಯೋವಾಗ ಟವಲ್ ತಗಂಡು ಏಣಿ ಮೆಟ್ಲಿಗೆ ಕಟ್ಟೋದು. ಹತ್ತೋವಾಗ ಬಿಚ್ಕಳೋದು. ತೊಟ್ಟಿಗಿಳಿಯೋರೆಲ್ಲ ಹಂಗೇ ಮಾಡೋದು. ಟವಲ್ ಏಣೀಲಿ ಐತಾ ಇಲ್ವಾ, ಅದನ್ನ ಯಾರಾದ್ರೂ ನೋಡಿದ್ರಾ?”

“ಬರೀತೀವಿ ಕೆಂಚಕ್ಕ,” ಎಂದೆ ನಾನು.

“ಬರಿ. ಆದ್ರೆ ನೋಡಿದ್ರಾ ಅಂತ ಕೇಳಿದ್ದು ನಾನು.”

ನಾನು ಅವಳ ಮಾತನ್ನು ನೋಟ್‌ಬುಕ್ಕಿನಲ್ಲಿ ಪೆನ್ಸಿಲ್ಲಿನಿಂದ ಗುರುತು ಹಾಕಿಕೊಂಡೆ. ಅದು ಒಂದು ಒಳ್ಳೆಯ ವಿವರ ಎನಿಸಿತು. ಲೇಖನದ ಮಧ್ಯದಲ್ಲಿ ಎಲ್ಲೋ ಬಳಸಬಹುದು.

ಅಂದೇ ಲೈಬ್ರರಿಯಲ್ಲಿ ಕೂತು ಬರೆದೆ. ನನ್ನ ಕ್ರಮ ಹೀಗಿತ್ತು: ಗೊತ್ತಿರುವುದು, ಗುಮಾನಿ ಇರುವುದು ಎಲ್ಲವನ್ನೂ ಮೊದಲು ಬರೆಯುವುದು. ಒಣಗಿದ ಸಾಲುಗಳನ್ನು ಇಟ್ಟುಕೊಳ್ಳುವುದು. ಹಸಿ ಉಳಿದ ಸಾಲುಗಳ ಮೇಲೆ ಟೇಬಲ್ಲಿನ ಬ್ಲಾಟಿಂಗ್ ಪೇಪರ್ ಒತ್ತಿ, ಹಾಳೆ ಹರಿದು, ಹೊಸದಾಗಿ ಬರೆಯುವುದು. ಕೋಪದಲ್ಲಿ ನಾನು ಹೆಚ್ಚಿಗೆ ಹೇಳುತ್ತೇನೆ. ಶಾಯಿ ನನ್ನನ್ನು ಹಿಡಿಯುತ್ತಿತ್ತು. ಇಂಥ ಪ್ರಾಮಾಣಿಕ ಪತ್ರಕರ್ತ ಇನ್ನೆಲ್ಲಿದ್ದಾನೆ ಎಂದು ನನಗೆ ನನ್ನ ಬಗ್ಗೆಯೇ ಗೌರವವಿತ್ತು. ಆ ಲೈಬ್ರರಿಯ ಪುಸ್ತಕಗಳಿಗೆ ರಟ್ಟಿರಲಿಲ್ಲ, ಫ್ಯಾನು ತಿರುಗುತ್ತಿರಲಿಲ್ಲ, ಆದರೆ ಅಟೆಂಡರ್ ದಿನಾ ಸಂಜೆ ತಪ್ಪದೆ ಹಳೆಯ ಬ್ಲಾಟಿಂಗ್ ಪೇಪರ್ ತೆಗೆದು ಹೊಸದನ್ನು ಹಾಸುತ್ತಿದ್ದ. ಒಂದು ವಿಷಯದಲ್ಲಾದರೂ ಅಚ್ಚುಕಟ್ಟು ಇದೆಯಲ್ಲ ಎಂದುಕೊಂಡಿದ್ದೆ.

ಹದಿಮೂರನೇ ತಾರೀಖು ಬೆಳಿಗ್ಗೆ ಹತ್ತಕ್ಕೆ ಹಾಕಬೇಕೆಂದಿದ್ದೆವು. ಒಂಬತ್ತೂವರೆಗೇ ಒಣಹಾಳೆ ಹದಿನಾಲ್ಕು ಬ್ಲಾಕ್ ಆಯಿತು. ಗಾಜಿನ ಹಿಂದೆ ಹೊಸ ಸೂಚನೆ ಅಂಟಿಸಿದ್ದರು: ‘ತೊಟ್ಟಿಯಲ್ಲಿ ಐವರು ಸತ್ತಿದ್ದಾರೆ ಎಂಬುದು ವದಂತಿ.’ ಐವರು ಎಂದು ನಾವು ಎಲ್ಲೂ ಹೇಳಿರಲಿಲ್ಲ. ನಾನು ಒಂದು ಸಲ ಬರೆದಿದ್ದೆ, ಹಸಿ ಉಳಿದಿತ್ತು, ಬಿಟ್ಟಿದ್ದೆ. ಆ ಸಾಲನ್ನು ಮುಬೀನಾ, ಹೊನ್ನೂರ ಇಬ್ಬರಿಗೂ ನಗುತ್ತಾ ಹೇಳಿದ್ದೆ. ಹದಿನೈದನ್ನು ತೆರೆದೆವು. ಅದನ್ನೂ ಹಾಕುವ ಮೊದಲೇ ಬ್ಲಾಕ್ ಮಾಡಿದರು.

ಒಳಗಿನವರಲ್ಲದೆ ಬೇರೆಯವರಿಗೆ ಇದು ಗೊತ್ತಾಗುವಂತಿರಲಿಲ್ಲ. ಮೂವರಲ್ಲಿ ನನ್ನನ್ನು ನಾನು ಬಿಟ್ಟೆ. ಉಳಿದದ್ದು ಇಬ್ಬರು. ಮುಬೀನಾಳ ಮೇಲೆ ಅರ್ಧ ದಿನ ಸಂಶಯಪಟ್ಟೆ. ಶಾಪಿಗೆ ಪೊಲೀಸರು ಗ್ಯಾಸ್ ಮಾತ್ರೆಗೆ ಬರುತ್ತಿದ್ದರು, ಅವಳು ಅವರ ಹತ್ತಿರ ನಕ್ಕು ಮಾತಾಡುತ್ತಿದ್ದಳು. ಆಮೇಲೆ ಹೊನ್ನೂರನ ಮೇಲೆ. ಅವನು ದಿನಕ್ಕೆ ನೂರು ಮನೆಯ ಗೇಟು ತೆಗೆಯುವವನು. ಅಧಿಕಾರಿಗಳ ಕಾಂಪೌಂಡಿನೊಳಗೂ ಸಲೀಸಾಗಿ ಹೋಗಿ ಬರುತ್ತಾನೆ, ನಾಯಿಗಳೂ ಬೊಗಳುವುದಿಲ್ಲ. ಒಮ್ಮೆ ಹೀಗೆ ನೋಡಲು ಶುರುಮಾಡಿದ ಮೇಲೆ ಅವನು ಟೀ ಆರಿಸಿ ಕುಡಿಯುವುದರಲ್ಲೂ ನನಗೆ ಏನೋ ಕಾಣಿಸಿತು.

ಹದಿನಾಲ್ಕನೇ ತಾರೀಖು ಮಧ್ಯಾಹ್ನ ಮೆಡಿಕಲ್ ಶಾಪಿನ ಹಿಂದಿನ ಕೋಣೆಯಲ್ಲಿ ಮೂವರೂ ಸೇರಿದೆವು. ನಾನು ಮೂರು ಚೀಟಿ ಇಟ್ಟೆ. “ಒಂದೇ ಸಾಲು. ‘ಈ ವಿಷಯ ನಾನು ಯಾರಿಗೂ ಹೇಳಿಲ್ಲ.’ ಮೂವರೂ ಬರೆಯೋಣ.”

ಮುಬೀನಾ ನನ್ನ ಮುಖ ನೋಡಿದಳು. “ಇಲಾಖೆ ಕೆಲಸ ನೀನೇ ಮಾಡ್ತಿದ್ದೀಯಲ್ಲೋ,” ಎಂದಳು. ಆದರೂ ಬರೆದಳು. ಒಣಗಿತು. ನಾನು ಬರೆದೆ. ಒಣಗಿತು. ಹೊನ್ನೂರ ಪೆನ್ನು ತೆಗೆದುಕೊಂಡ. ನಮ್ಮಿಬ್ಬರಿಗಿಂತ ಹತ್ತು ವರ್ಷ ದೊಡ್ಡವನು, ದಿನವಿಡೀ ಅಂಕಿ ಬರೆದು ಬರೆದು ಅವನ ಅಕ್ಷರವೂ ಅಂಕಿಯ ಹಾಗೆಯೇ ನೆಟ್ಟಗೆ ನಿಲ್ಲುತ್ತಿತ್ತು. ಬರೆದ. ಕಾದೆವು. ಫ್ಯಾನಿನ ಕೆಳಗೆ ಹಿಡಿದೆವು. ಮುಬೀನಾ ಬೆರಳಿನಿಂದ ಮುಟ್ಟಿದಳು. ನೀಲಿ ಹತ್ತಿತು.

“ಯಾರಿಗೆ ಹೇಳ್ದೆ ಹೊನ್ನೂರಣ್ಣ?” ಅವಳ ದನಿ ಚಿಕ್ಕದಾಗಿತ್ತು.

ಹೊನ್ನೂರ ನನ್ನ ಕಡೆ ತಿರುಗಿದ. “ಮೂರು ವರ್ಷ ಆತು. ನಿನಗೆ ಸುದ್ದಿ ತಂದು ಹಾಕಿ ಹಾಕಿ ನನ್ನ ಸೈಕಲ್ ಟೈರ್ ಸವೀತು. ಇವತ್ತು ನನ್ನ ಕೈಲಿ ಚೀಟಿ ಬರೆಸ್ತೀಯಾ?”

“ಯಾರಿಗೆ ಅಂತ ಬರಿ. ಮುಗೀತು.”

“ಬರೆಯಲ್ಲ. ಬಾಯಲ್ಲಿ ಕೇಳಿದ್ರೆ ಹೇಳ್ತಿದ್ದೆ.”

“ಈಗ ಬಾಯಲ್ಲೇ ಕೇಳ್ತಿದ್ದೀನಿ.”

“ಈಗ ಕೇಳಬ್ಯಾಡ.” ಪೆನ್ನಿಗೆ ಕ್ಯಾಪು ಹಾಕಿ ಟೇಬಲ್ಲಿನ ಮೇಲಿಟ್ಟು ಹೋದ.

ಎರಡು ದಿನ ಬಿಡು, ಕೋಪ ಇಳಿಯಲಿ ಎಂದಳು ಮುಬೀನಾ. ನಾನು ಬಿಡಲಿಲ್ಲ. ಕೆಂಚಮ್ಮನಿಗೆ ಉಳಿದಿದ್ದದ್ದು ಆರು ದಿನ. ಒಳಗೆ ಹುಳ ಇದ್ದರೆ ಏನು ಬರೆದರೂ ಮೊದಲೇ ಸಾಯುತ್ತದೆ ಎಂದು ವಾದಿಸಿದೆ. ನಿಜ ಹೇಳಬೇಕೆಂದರೆ ಕೆಂಚಮ್ಮನಿಗಿಂತ ನನ್ನ ಕೋಪವೇ ಮುಂದಿತ್ತು. ಸಂಜೆಯೊಳಗೆ ಬರೆದೆ: ‘ನಮ್ಮ ಜೊತೆಗಿದ್ದ ಮೀಟರ್ ರೀಡರ್ ಹೊನ್ನೂರಸ್ವಾಮಿ ನಮಗೆ ಮೋಸ ಮಾಡಿದ್ದಾನೆ. ಅವನು ಪ್ರಕಟಣಾ ಇಲಾಖೆಯ ಕಿವಿ.’ ಅಷ್ಟು ಬೇಗ ಒಣಗಿದ ಸಾಲನ್ನು ನಾನು ಅದುವರೆಗೆ ಬರೆದಿರಲಿಲ್ಲ. ಬೆರಳು ಎಳೆದು ಎತ್ತಿ ತೋರಿಸಿದೆ. ಮುಬೀನಾ ವಿಡಿಯೋ ಮಾಡಿಕೊಟ್ಟು, “ಹಾಕೋದು ನೀನೇ ಹಾಕು,” ಎಂದಳು. ಒಣಹಾಳೆ ಹದಿನಾರರಲ್ಲಿ ಹಾಕಿದೆ. ಆ ಪೋಸ್ಟನ್ನು ಯಾರೂ ಬ್ಲಾಕ್ ಮಾಡಲಿಲ್ಲ. ಮೂರು ವರ್ಷದಲ್ಲಿ ಬ್ಲಾಕ್ ಆಗದೆ ಉಳಿದ ಮೊದಲ ಪೋಸ್ಟ್ ಅದು. ಹುಳ ಹೊರಗೆ ಹೋಗಿದ್ದರ ಗುರುತು ಎಂದುಕೊಂಡೆ.

ಮರುದಿನದಿಂದ ಜನ ಹೊನ್ನೂರನಿಗೆ ಗೇಟು ತೆಗೆಯಲಿಲ್ಲ. ಮೀಟರಿನ ಅಂಕಿಯನ್ನು ಕಿಟಕಿಯಿಂದ ಕೂಗಿ ಹೇಳಿದರು. ಅವನು ರಸ್ತೆಯಲ್ಲಿ ನಿಂತು ಬರೆದುಕೊಂಡ.

ಹದಿನಾರನೇ ತಾರೀಖು ಬಸ್‌ಸ್ಟ್ಯಾಂಡಿನಲ್ಲಿ ಇಲಾಖೆಯವರು ಒಂದು ಬೋರ್ಡು ನಿಲ್ಲಿಸಿದರು. ಗಾಜಿರಲಿಲ್ಲ. ಪೊಲೀಸನೂ ಇರಲಿಲ್ಲ. ಒಂದು ಕೈಬರಹದ ಹಾಳೆ, ಅದರ ಮೇಲೆ ದಪ್ಪ ಅಕ್ಷರದಲ್ಲಿ ‘ಮುಟ್ಟಿ ನೋಡಿ’. ನನ್ನ ಜೀವಮಾನದಲ್ಲಿ ಅಂಥದ್ದನ್ನು ಕಂಡಿರಲಿಲ್ಲ. ಜನ ಸಾಲು ನಿಂತರು. ಹೆಂಗಸರು ಕೈ ಒರೆಸಿಕೊಂಡು ಮುಟ್ಟಿದರು, ಒಬ್ಬ ಮುದುಕ ಮೂಸಿಯೂ ನೋಡಿದ. ಹಾಳೆಯಲ್ಲಿ ಇದ್ದದ್ದು ಇಷ್ಟು: ‘ಹತ್ತನೇ ತಾರೀಖು ಸಂಜೆ ನಾಲ್ಕಕ್ಕೆ ಮಾರೆಪ್ಪ ಹಸಿರು ಅಂಗಿ ಹಾಕಿಕೊಂಡು ಬಸ್ ಹತ್ತಿ ಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಗುರುಶಾಂತ, ಕಿರಿಯ ಬರಹಗಾರ, ಪ್ರಕಟಣಾ ಇಲಾಖೆ.’ ನಾನೂ ಸಾಲಿನಲ್ಲಿ ನಿಂತು ಮುಟ್ಟಿದೆ. ಸುಣ್ಣದ ಗೋಡೆಯಷ್ಟು ಒಣಗಿತ್ತು.

“ಆ ಹೆಂಗ್ಸು ಸುಮ್ನೆ ಎದೆ ಬಡ್ಕೊಂಡ್ಲು ನೋಡ್ರಿ,” ಎಂದ ನನ್ನ ಹಿಂದಿದ್ದವನು. “ಗಂಡ ಬಿಟ್ಟೋದ ಅಂತ ಹೇಳ್ಕಳಾಕೆ ನಾಚ್ಕೆ.”

ನನಗೂ ಹಾಗೇ ಅನ್ನಿಸಿತು. ಒಂದು ಗಂಟೆಯ ಮಟ್ಟಿಗೆ ನಾನು ಕೆಂಚಮ್ಮನ ಮೇಲೆ ಸಂಶಯಪಟ್ಟೆ. ಒಣಗಿದ್ದನ್ನು ನಂಬಿಕೊಂಡೇ ನಮ್ಮ ಮನೆಗಳಲ್ಲಿ ನಾವು ಬೆಳೆದವರು.

ಗುರುಶಾಂತ ನನ್ನ ಹಾಸ್ಟೆಲಿನವನೇ. ಎರಡು ತಿಂಗಳ ಹಿಂದೆ ದೂರದ ಹಳ್ಳಿಯಿಂದ ಬಂದವನು, ಒಂದೇ ವಾರಕ್ಕೆ ಇಲಾಖೆಯಲ್ಲಿ ಕೆಲಸ ಸಿಕ್ಕಿತ್ತು. ಊರಿಗೆ ಹೊಸಬರಿಗೆ, ಪತ್ರಿಕೆ ಓದುವ ಅಭ್ಯಾಸ ಇಲ್ಲದವರಿಗೆ ಆದ್ಯತೆ ಎಂದು ಜಾಹೀರಾತಿನಲ್ಲೇ ಇತ್ತು. ಆಗ ನಾವೆಲ್ಲ ಅದನ್ನು ಓದಿ ನಕ್ಕಿದ್ದೆವು. ಅವನು ಸುಳ್ಳು ಹೇಳುವ ಪೈಕಿ ಅಲ್ಲ. ಮೆಸ್ಸಿನಲ್ಲಿ ಒಂದು ಮುದ್ದೆ ಹೆಚ್ಚಿಗೆ ಹಾಕಿಸಿಕೊಂಡರೆ ತಾನೇ ಹೋಗಿ ವಾರ್ಡನ್‌ಗೆ ಹೇಳುವವನು. ಅಂದು ಮಧ್ಯಾಹ್ನ ಊಟಕ್ಕೆ ಅವನ ಎದುರಿಗೇ ಕೂತೆ.

“ಮಾರೆಪ್ಪ ನಿನಗೆ ಮೊದಲೇ ಗೊತ್ತಾ?”

“ಇಲ್ಲ ಕಣಣ್ಣ. ನಾನು ಈ ಊರಿಗೆ ಹೊಸಬ.”

“ಮತ್ತೆ ಅವನೇ ಅಂತ ಹೆಂಗೆ ಗೊತ್ತಾಯ್ತು?”

“ನಮ್ಮ ಸಾಹೇಬ್ರು ಜೀಪಲ್ಲಿ ಬಸ್‌ಸ್ಟ್ಯಾಂಡಿಗೆ ಕರ್ಕೊಂಡು ಹೋಗಿದ್ರು. ಹಸಿರಂಗಿಯೋನು ಒಬ್ಬ ಬಸ್ ಹತ್ತಿದ. ನೋಡಪ್ಪ, ಇವನೇ ಮಾರೆಪ್ಪ, ಪಂಪ್‌ಹೌಸಿನೋನು, ನೆನಪಿಟ್ಕೋ ಅಂದ್ರು. ಅಂಗಿ ಜೇಬು ಹರಿದಿತ್ತು, ಅದೂ ನೆನಪಿದೆ.” ಅವನು ಸಾರು ಕಲಸಿಕೊಂಡ. “ಯಾಕಣ್ಣ, ತಪ್ಪೇನಾದ್ರೂ ಬರೆದ್ನಾ? ಒಣಗಿತಲ್ಲ.”

ಪಂಪ್‌ಹೌಸಿನ ಮೊಳೆಗೆ ನೇತುಹಾಕಿದ್ದ ಹಸಿರು ಅಂಗಿ ನೆನಪಾಯಿತು. ನಾನು ಊಟ ನಿಲ್ಲಿಸಿದೆ. ಶಾಲೆಯ ತಪ್ಪು ಲೆಕ್ಕಗಳೂ ನೆನಪಾದವು. ಏಳೆಂಟ್ಲ ಐವತ್ತನಾಲ್ಕು ಎಂದು ನಾನು ಬರೆದದ್ದೂ ಒಣಗಿತ್ತು.

ಗುರುಶಾಂತ ಇನ್ನೂ ಮಾತಾಡುತ್ತಿದ್ದ. “ಆಫೀಸಲ್ಲಿ ಬೇರೆ ಕೆಲಸ ಏನಿಲ್ಲ ಕಣಣ್ಣ. ದಿನಾ ಸಂಜೆ ಲೈಬ್ರರಿಗಳಿಂದ ಬ್ಲಾಟಿಂಗ್ ಪೇಪರ್ ಬರ್ತಾವೆ. ಕನ್ನಡಿಗೆ ಹಿಡಿದು ಓದಿ ಇನ್ನೊಂದು ಹಾಳೇಲಿ ಬರ್ಕೊಡ್ಬೇಕು. ಏನ್ ವಿಷಯ ಅಂತ ಕೇಳ್ಬಾರ್ದು. ಮೊನ್ನೆ ಒಂದು ನೋಡಿದ್ರೆ ನಿನ್ನ ಅಕ್ಷರ! ‘ಳ’ದ ಬಾಲ ಹಿಂಗೆ ಕೊಕ್ಕೆ ತರ ಎಳೀತೀಯಲ್ಲ. ನಮ್ಮ ತಿಪ್ಪೇಶಣ್ಣಂದು ಅಂತ ಭಾಳ ಖುಷಿ ಆಯ್ತು. ಸಾಹೇಬ್ರಿಗೂ ಹೇಳ್ದೆ.”

ಎದ್ದು ಕೈ ತೊಳೆದೆ. ನಲ್ಲಿಯ ನೀರು ಬ್ಲೀಚಿಂಗ್ ಪೌಡರಿನ ವಾಸನೆ ಹೊಡೆಯುತ್ತಿತ್ತು. ಒಂದು ವಾರದಿಂದ ಊರಿಡೀ ಅದೇ ದೂರು.

ಮುಬೀನಾಳನ್ನು ಕರೆದುಕೊಂಡು ಹೊನ್ನೂರನ ಮನೆಗೆ ಹೋದೆ. ಬಾಗಿಲಲ್ಲೇ ಕೆಂಚಮ್ಮ ಕೂತಿದ್ದಳು. ಅವಳನ್ನು ಅಲ್ಲಿ ನಿರೀಕ್ಷಿಸಿರಲಿಲ್ಲ. ಹೊನ್ನೂರ ಒಳಗಿನಿಂದಲೇ, “ಹೊಸ್ತಿಲು ದಾಟಬ್ಯಾಡ,” ಎಂದ. ದಾಟಲಿಲ್ಲ. ಅಂಗಳದಲ್ಲಿ ನಿಂತೇ ಎಲ್ಲವನ್ನೂ ಹೇಳಿದೆ: ಬ್ಲಾಟಿಂಗ್ ಪೇಪರ್, ಕನ್ನಡಿ, ನನ್ನ ‘ಳ’.

“ಹಂಗಾದ್ರೆ ನೀನೇ ಕಿವಿ,” ಎಂದ.

“ಹೌದು.”

“ಮತ್ತೆ ನಿನ್ನ ಚೀಟಿ ಒಣಗಿತಲ್ಲ?”

“ನನಗೆ ಗೊತ್ತಿರಲಿಲ್ಲ. ಅದಕ್ಕೇ ಒಣಗಿತು.”

ಅವನು ಹೊರಗೆ ಬಂದ. ಗಡ್ಡ ಬೆಳೆದಿತ್ತು. “ಒಣಗಿದ್ದನ್ನ ನೋಡಿ ನಮ್ಮವ್ವ ಎರಡು ದಿನ ನನ್ನ ಮುಖ ನೋಡ್ಲಿಲ್ಲ. ಹೆತ್ತೋಳು. ನನ್ನ ಮಗಳಿಗೆ ಸ್ಕೂಲಲ್ಲಿ ಕಿವಿ ಕಿವಿ ಅಂತ ಕೂಗ್ತಾರೆ.” ಆಮೇಲೆ ಕೆಂಚಮ್ಮನ ಕಡೆ ಕೈ ತೋರಿಸಿದ. “ನಾನು ಹೇಳಿದ್ದು ಇವಳಿಗೆ. ಶುಕ್ರವಾರ ಸುದ್ದಿ ಬರುತ್ತೆ, ಸಾಮಾನು ಕಟ್ಟಬ್ಯಾಡ ಅಂತ. ಅಷ್ಟೇ.”

“ಹೌದು ತಮ್ಮ,” ಎಂದಳು ಕೆಂಚಮ್ಮ. “ಅದಕ್ಕೇ ಇನ್ನೂ ಕಟ್ಟಿಲ್ಲ.”

ಹೊನ್ನೂರ ಒಳಗೆ ಹೋಗಿ ಮೀಟರ್ ಪುಸ್ತಕ ತಂದು ಒಂದು ಪುಟ ತೆಗೆದ. ಪ್ರತಿ ಮಂಗಳವಾರ ಹನ್ನೊಂದಕ್ಕೆ ಪಂಪ್‌ಹೌಸಿನ ಮೀಟರ್ ನೋಡುವುದು ಅವನ ಕೆಲಸ. ಹತ್ತನೇ ತಾರೀಖಿನ ಅಂಕಿಯ ಪಕ್ಕ ನೆಟ್ಟನೆಯ ಅಕ್ಷರದಲ್ಲಿ ಬರೆದಿದ್ದ: ‘೧೧.೦೫. ಮೋಟರ್ ಓಡುತ್ತಿದೆ.’ ಸೂಚನೆಯ ಪ್ರಕಾರ ಮೂರು ಗಂಟೆಯವರೆಗೆ ಪಂಪ್ ನಿಂತಿತ್ತು. ಒಳಗೆ ಮನುಷ್ಯ ಇದ್ದಾಗ ಕಾರಂಜಿಗಾಗಿ ನೀರು ಬಿಟ್ಟಿದ್ದರು. ಏಣಿಯ ಪಕ್ಕದಲ್ಲೇ ನೀರು ಒಳಗೆ ಬರುವ ಕೊಳವೆ. ಆ ನೀರು ಎತ್ತನ್ನೂ ಕೆಡವುತ್ತದೆ ಎಂದ. “ಆ ಹೊತ್ತಿಗೆ ಇದರ ಅರ್ಥ ನನಗೆ ಗೊತ್ತಿರ್ಲಿಲ್ಲ. ಶನಿವಾರ ಪುಸ್ತಕ ತಿರುವಿ ಹಾಕ್ದಾಗ ಹೊಳೀತು. ಅವತ್ತೇ ನಿನ್ನ ಬೆರಳು ಎಲ್ಲಾರ ಮೊಬೈಲಲ್ಲಿತ್ತು. ಈಗ ಇದನ್ನ ಯಾರು ನಂಬ್ತಾರೆ? ಕಿವಿ ಬರೆದ ಅಂಕಿ ಇದು.”

ಊರಿನಲ್ಲಿದ್ದ ಒಬ್ಬನೇ ಸಾಕ್ಷಿಯನ್ನು ಇಲಾಖೆ ಮುಟ್ಟಲೇ ಇಲ್ಲ. ಅವನನ್ನು ಮುಗಿಸಿದವನು ನಾನು. ಅದೂ ಒಣಗಿದ ಶಾಯಿಯಲ್ಲಿ.

ಅಲ್ಲೇ ಕಲ್ಲಿನ ಮೇಲೆ ಕೂತು ಹೊನ್ನೂರನ ಪೆನ್ನಿನಲ್ಲೇ ಬರೆದೆ. ‘ಹೊನ್ನೂರಸ್ವಾಮಿ ಮೋಸ ಮಾಡಿಲ್ಲ. ಸುದ್ದಿ ಸೋರಿದ್ದು ನನ್ನ ಕೈಯಿಂದ. ಅವನ ಬಗ್ಗೆ ನಾನು ಬರೆದದ್ದು ಸುಳ್ಳು, ಅದು ಒಣಗಿತ್ತು. ಗುರುಶಾಂತನಿಗೆ ಬೇರೆ ಯಾರನ್ನೋ ಮಾರೆಪ್ಪ ಎಂದು ತೋರಿಸಿದ್ದಾರೆ. ಅವನು ಬರೆದದ್ದೂ ಒಣಗಿದೆ. ಬರೆದವನು ನಂಬಿದ್ದರೆ ಸಾಕು, ಏನು ಬರೆದರೂ ಒಣಗುತ್ತದೆ.’

ಮುಬೀನಾ ಓದಿದಳು. “ಇದನ್ನ ಹಾಕಿದ್ರೆ ಒಣಹಾಳೆ ಮುಗೀತು ಕಣೋ. ನಾಳೆಯಿಂದ ನಿನ್ನ ಬೆರಳು ಯಾರೂ ನೋಡಲ್ಲ.”

“ಗೊತ್ತು.”

“ಗೊತ್ತಿದ್ರೆ ಸರಿ. ಬೆಳಕಿಗೆ ಬಾ.” ಮೊಬೈಲ್ ತೆಗೆದಳು.

ಹದಿನೇಳನೇ ತಾರೀಖು ಬೆಳಿಗ್ಗೆ ಹಾಕಿದೆವು. ಇಲಾಖೆಯವರಿಗೆ ಏನು ಮಾಡಬೇಕೋ ತಿಳಿಯಲಿಲ್ಲ ಎಂದು ಕಾಣುತ್ತದೆ. ಬಿಟ್ಟರೆ ಬಸ್‌ಸ್ಟ್ಯಾಂಡಿನ ಬೋರ್ಡಿನ ಬೆಲೆ ಹೋಗುತ್ತದೆ. ಬ್ಲಾಕ್ ಮಾಡಿದರೆ ನಾನು ಬರೆದದ್ದು ನಿಜ ಎಂದು ಅವರೇ ಒಪ್ಪಿಕೊಂಡಂತೆ. ಸುಮಾರು ಒಂದು ಗಂಟೆ ತಡಮಾಡಿ ಬ್ಲಾಕ್ ಮಾಡಿದರು. ಆ ಒಂದು ಗಂಟೆ ಸಾಕಾಯಿತು.

ಬಸ್‌ಸ್ಟ್ಯಾಂಡಿಗೆ ಹೋದಾಗ ಜನ ನನ್ನನ್ನು ಸುತ್ತುವರಿದರು. ಒಬ್ಬ ನನ್ನ ಕಾಲಿನ ಬುಡದಲ್ಲಿ ಉಗಿದ. ಇನ್ನೊಬ್ಬ ಕಾಲರ್ ಹಿಡಿದ. “ಅದೂ ಒಣಗಿತ್ತು, ಇದೂ ಒಣಗೈತೆ. ಯಾವ್ದನ್ನ ನಂಬ್ಬೇಕೋ? ಹೇಳಲೇ!”

ಹಿಂದಿನಿಂದ ಕೆಂಚಮ್ಮ ಜನರನ್ನು ಸರಿಸಿಕೊಂಡು ಬಂದಳು.

“ಯಾವ್ದನ್ನೂ ನಂಬಬ್ಯಾಡ್ರಿ. ನನಗೆ ಓದಾಕೇ ಬರಾಕಿಲ್ಲ. ಅವನು ಟವಲ್ ಕಟ್ಟಿ ಇಳೀತಾನೆ, ಬಿಚ್ಕಂಡು ಹತ್ತುತಾನೆ. ಬಸ್ ಹತ್ತಿ ಹೋಗಿದ್ರೆ ಏಣೀಲಿ ಟವಲ್ ಇರಾಕಿಲ್ಲ. ತೊಟ್ಟಿ ನೀರು ಬಿಡ್ಸಿ ನೋಡ್ರಿ. ಟವಲ್ ಇಲ್ದಿದ್ರೆ ಇವತ್ತೇ ಮನೆ ಮಾತ್ರ ಅಲ್ಲ, ಊರೇ ಬಿಡ್ತೀನಿ.”

ಮೊದಲ ದಿನವೇ ಅವಳು ನನ್ನನ್ನು ಕೇಳಿದ್ದು ಇದನ್ನೇ. ಆ ಪ್ರಶ್ನೆಯನ್ನು ಹೇಗೆ ಬರೆಯಬೇಕು ಎಂದು ನಾನು ಐದು ದಿನ ಯೋಚಿಸಿದ್ದೆ. ಪಂಪ್‌ಹೌಸ್ ಬಸ್‌ಸ್ಟ್ಯಾಂಡಿನಿಂದ ಹತ್ತು ನಿಮಿಷದ ದಾರಿ. ಹುಟ್ಟಿದಾಗಿನಿಂದ ಕಾಗದ ಮುಟ್ಟಿ ಮುಟ್ಟಿ ಅಭ್ಯಾಸವಾದ ನಮ್ಮಲ್ಲಿ, ಹೋಗಿ ನೋಡಬಹುದು ಎಂಬುದು ಯಾರ ತಲೆಗೂ ಬಂದಿರಲಿಲ್ಲ.

ಪಂಪ್‌ಹೌಸಿಗೆ ಹೊರಟವರು ನೂರು ನೂರಿಪ್ಪತ್ತು ಜನ ಇದ್ದಿರಬಹುದು. ಕೆಲವರು ಕೆಂಚಮ್ಮನಿಗಾಗಿ ಬಂದರು, ಕೆಲವರು ಅವಳು ಸುಳ್ಳಿ ಎಂದು ತೋರಿಸುವುದಕ್ಕೆ ಬಂದರು, ಉಳಿದವರು ನಲ್ಲಿಯ ವಾಸನೆ ತಡೆಯಲಾರದೆ ಬಂದರು. ಪಂಪ್‌ಹೌಸಿನ ವಾಚ್‌ಮನ್ ಗೇಟಿಗೆ ಅಡ್ಡ ನಿಂತು, “ಪರ್ಮಿಷನ್ ಕಾಗದ ಎಲ್ಲಿ?” ಎಂದ. ಹೊನ್ನೂರ ತನ್ನ ಗುರುತಿನ ಚೀಟಿ ತೋರಿಸಿದ. “ಮೀಟರ್ ನೋಡ್ಬೇಕು.”

“ಮತ್ತೆ ಇವರೆಲ್ಲ?”

“ಇವರೂ ಮೀಟರ್ ನೋಡಾಕೆ ಬಂದಾರೆ.”

ವಾಚ್‌ಮನ್ ಜನರನ್ನು ನೋಡಿದ. ಆಮೇಲೆ ಅವನೇ ಬೀಗ ತೆಗೆದು ದೂರ ಹೋಗಿ ಬೆನ್ನು ತಿರುಗಿಸಿ ನಿಂತ. ತಾನು ಏನೂ ನೋಡಿಲ್ಲ ಎಂದು ನಾಳೆ ಬರೆದುಕೊಡಬೇಕಾಗುತ್ತದಲ್ಲ.

ಹೊನ್ನೂರ ಮೊದಲು ಮೋಟರ್ ನಿಲ್ಲಿಸಿದ. ಆಮೇಲೆ ನಾಲ್ಕು ಜನ ಸೇರಿ ತೊಟ್ಟಿಯ ಅಡಿಯ ವಾಲ್ವಿನ ಚಕ್ರ ತಿರುಗಿಸಿದರು. ಚರಂಡಿಯಲ್ಲಿ ನೀರು ಭೋರ್ಗರೆಯಿತು. ಮೇಲಿನ ಚಪ್ಪಡಿಯ ಬಾಯಿ ತೆಗೆದಾಗ ಬ್ಲೀಚಿಂಗ್ ಪೌಡರಿನ ಘಾಟಿಗೆ ಎಲ್ಲರೂ ಹಿಂದೆ ಸರಿದರು. ಕೆಂಚಮ್ಮ ಸರಿಯಲಿಲ್ಲ. ಅಂಚಿನಲ್ಲಿ ಮಂಡಿಯೂರಿ ಕೂತಳು. ಅವಳ ಪಕ್ಕದಲ್ಲಿ ನಾನು, ನನ್ನ ಪಕ್ಕದಲ್ಲಿ ಮುಬೀನಾ.

ನೀರು ನಿಧಾನವಾಗಿ ಇಳಿಯಿತು. ಏಣಿಯ ಮೆಟ್ಟಿಲುಗಳು ಒಂದೊಂದಾಗಿ ಕಾಣಿಸಿಕೊಂಡವು. ನಾಲ್ಕು. ಐದು. ತುಕ್ಕು ಹಿಡಿದ ಕಬ್ಬಿಣ, ಬೇರೇನೂ ಇಲ್ಲ. ಹಿಂದೆ ನಿಂತವರಲ್ಲಿ ಒಬ್ಬ, “ಏನೈತಿ ಇಲ್ಲಿ, ಏನೂ ಇಲ್ಲ,” ಎಂದ. ಆರು. ಏಳು. ನಾನು ಕೆಂಚಮ್ಮನ ಮುಖ ನೋಡಿದೆ. ಟವಲ್ ಇರಲಿ ಎಂದು ಅವಳು ಬಯಸುತ್ತಿದ್ದಾಳೋ ಇಲ್ಲದಿರಲಿ ಎಂದು ಬಯಸುತ್ತಿದ್ದಾಳೋ ನನಗೆ ತಿಳಿಯಲಿಲ್ಲ. ಎಂಟು.

ಒಂಬತ್ತನೇ ಮೆಟ್ಟಿಲಿಗೆ ಒಂದು ಟವಲ್ ಬಿಗಿಯಾಗಿ ಎರಡು ಗಂಟು ಹಾಕಿ ಕಟ್ಟಿತ್ತು. ನೀಲಿ ಚೌಕಳಿ. ನೀರು ಕೆಳಗೆ ಸರಿದಂತೆ ಅದರ ತುದಿ ನೇರವಾಗಿ ಜೋತುಬಿತ್ತು, ಹನಿ ಹನಿಯಾಗಿ ಸೋರತೊಡಗಿತು.

ಗೊತ್ತಿಲ್ಲದೆಯೇ ನನ್ನ ಕೈ ಜೇಬಿಗೆ ಹೋಗಿತ್ತು. ಪೆನ್ನಿನ ಕ್ಯಾಪು ತೆಗೆದಿದ್ದೆ, ನೋಟ್‌ಬುಕ್ಕಿನ ಹಾಳೆ ಬಿಡಿಸಿದ್ದೆ.

ಕೆಂಚಮ್ಮ ತಲೆ ಎತ್ತಲಿಲ್ಲ. ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಳು.

“ಈಗ ಬರೀಬ್ಯಾಡ ತಮ್ಮ. ಕೆಳಗೆ ನೋಡು. ನೀರು ಇನ್ನೂ ಇಳೀತೈತೆ.”